ನಮ್ಮ ಕಡಲಿನ ಗೂನುಬೆನ್ನಿನ ತಿಮಿಂಗಿಲಗಳನ್ನು ಎಣಿಸುವುದು ಹೇಗೆ?

ಬೆಸಗರಹಳ್ಳಿಯಿಂದ ಸಮುದ್ರ ಎಷ್ಟು ದೂರ? ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ. ಮದ್ದೂರು ತಾಲ್ಲೂಕಿನ ಈ ಊರಿನಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿದಂತೆ ಗೆರೆ ಎಳೆದರೆ ಕೇರಳದ ಕಣ್ಣೂರಿನ ತೀರ ಸುಮಾರು 200 ಕಿಮೀ ದೂರದಲ್ಲಿ ಸಿಗುತ್ತದೆ. ಮಂಗಳೂರಿಗೆ ಇನ್ನೂ 40 ಕಿಮೀ ಹೆಚ್ಚು. ರಾಗಿ, ಕಬ್ಬು, ರೇಷ್ಮೆ, ಎಳನೀರಿನ ಈ ಸೀಮೆಯಲ್ಲಿ ಬೆಳೆದವರಿಗೆ ತಿಮಿಂಗಿಲವೆಂದರೆ ಪಠ್ಯಪುಸ್ತಕದ ಒಂದು ಚಿತ್ರ, ‘ಅತಿ ದೊಡ್ಡ ಪ್ರಾಣಿ ಯಾವುದು?’ ಎಂಬ ರಸಪ್ರಶ್ನೆಗೆ ಒಂದು ಉತ್ತರ. ಅಷ್ಟೇ.

ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೂ ಅರಬ್ಬೀ ಸಮುದ್ರದ ಒಂದು ತಿಮಿಂಗಿಲಕ್ಕೂ ಉಣ್ಣಲು ಕೊಡುವುದು ಒಂದೇ ಗಾಳಿ ಎಂದರೆ ನಂಬುತ್ತೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತ ಕೊಡಗಿನಲ್ಲಿ ಮಳೆ ಸುರಿಸುತ್ತದೆ. ಕಾವೇರಿ ತುಂಬಿ ಕೃಷ್ಣರಾಜಸಾಗರಕ್ಕೆ ಬರುತ್ತದೆ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ನಮ್ಮ ಗದ್ದೆ ಸೇರುತ್ತದೆ. ಇದೇ ಮಾರುತ ಅತ್ತ ಒಮಾನ್ ದೇಶದ ತೀರದ ಗುಂಟ ಜೋರಾಗಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧ ಗೋಳದಲ್ಲಿ ಗಾಳಿ ತಳ್ಳಿದ ನೀರು ಗಾಳಿಯ ದಿಕ್ಕಿನಿಂದ ಬಲಕ್ಕೆ ಸರಿಯುತ್ತದೆ. ಒಮಾನ್‌ನಲ್ಲಿ ಬಲಕ್ಕೆ ಎಂದರೆ ತೀರದಿಂದ ಆಚೆಗೆ. ಮೇಲಿನ ನೀರು ಹೀಗೆ ಸರಿದು ಹೋದ ಜಾಗವನ್ನು ತುಂಬಲು ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಧಾರಾಳವಾಗಿರುತ್ತವೆ. ಗದ್ದೆಗೆ ಗೊಬ್ಬರ ಹಾಕಿದಂತೆಯೇ. ಬಿಸಿಲಿಗೆ ಬಂದ ಈ ನೀರಿನಲ್ಲಿ ಸಸ್ಯ ಪ್ಲವಕಗಳು ಬೆಳೆಯುತ್ತವೆ, ಅವನ್ನು ತಿಂದು ಪ್ರಾಣಿ ಪ್ಲವಕಗಳು, ಅವನ್ನು ತಿಂದು ಬೂತಾಯಿಯಂಥ ಮೀನುಗಳು. ಮೀನುಗಳನ್ನೂ ಸೀಗಡಿಯಂಥ ಸಣ್ಣ ಜೀವಿಗಳನ್ನೂ ಬಾಯಿತುಂಬ ಬಾಚಿಕೊಳ್ಳಲು ಅಲ್ಲೊಂದು ತಿಮಿಂಗಿಲ ಕಾದಿರುತ್ತದೆ. ಅದೇ ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲ, ಅಂದರೆ ಹಂಪ್‌ಬ್ಯಾಕ್.

ಊರು ಬಿಡದ ತಿಮಿಂಗಿಲ

ಬೆಳೆದ ಹಂಪ್‌ಬ್ಯಾಕ್ ಸುಮಾರು 14 ಮೀಟರ್ ಉದ್ದವಿರುತ್ತದೆ. ನಮ್ಮ ಸಾರಿಗೆ ಬಸ್ಸಿಗಿಂತ ತುಸು ಹೆಚ್ಚೇ. ತೂಕ 25ರಿಂದ 30 ಟನ್. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಷ್ಟುದ್ದದ ಗೆರೆ ಹಾಕಿ, ಅದರ ಮೂರನೇ ಒಂದು ಭಾಗದಷ್ಟು ಉದ್ದಕ್ಕೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಅದು ಈ ಪ್ರಾಣಿಯ ಒಂದು ಮುಂದೋಳಿನ ರೆಕ್ಕೆಯ ಉದ್ದ. ಬೇರೆ ಯಾವ ತಿಮಿಂಗಿಲಕ್ಕೂ ಇಷ್ಟುದ್ದದ ರೆಕ್ಕೆ ಇಲ್ಲ. ಇದಕ್ಕೆ ಹಲ್ಲುಗಳಿಲ್ಲ. ಮೇಲ್ದವಡೆಯಿಂದ ನೂರಾರು ಕೊಂಬಿನಂಥ ಪಟ್ಟಿಗಳು ಜಾಲರಿಯ ಹಾಗೆ ಇಳಿಬಿದ್ದಿರುತ್ತವೆ. ನಮ್ಮ ಉಗುರು, ಕೂದಲು ಯಾವ ಪ್ರೋಟೀನಿನಿಂದ ಆಗಿವೆಯೋ ಅದೇ ಕೆರಾಟಿನ್‌ನಿಂದ ಅವೂ ಆಗಿವೆ. ನೀರನ್ನೂ ಮೀನನ್ನೂ ಒಟ್ಟಿಗೆ ಬಾಯಿಗೆ ತುಂಬಿಕೊಂಡು, ನೀರನ್ನು ಹೊರಗೆ ತಳ್ಳಿ, ಜಾಲರಿಯಲ್ಲಿ ಉಳಿದದ್ದನ್ನು ನುಂಗುತ್ತದೆ. ‘ತಿಮಿ’ ಎಂಬ ದೊಡ್ಡ ಮೀನನ್ನೇ ನುಂಗುವುದು ‘ತಿಮಿಂಗಿಲ’ ಎನ್ನುತ್ತದೆ ಸಂಸ್ಕೃತ. ಹೆಸರಿಟ್ಟವರು ಜಾಲರಿಯ ಬಾಯನ್ನು ನೋಡಿದ್ದಿಲ್ಲವೇನೋ!

ಪ್ರಪಂಚದ ಉಳಿದೆಡೆಯ ಹಂಪ್‌ಬ್ಯಾಕ್‌ಗಳು ಅಲೆಮಾರಿಗಳು. ಬೇಸಿಗೆಯಲ್ಲಿ ಧ್ರುವಗಳ ಕಡೆಯ ತಣ್ಣೀರಿನಲ್ಲಿ ಹೊಟ್ಟೆ ತುಂಬ ತಿಂದು, ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಈಜಿ ಸಮಭಾಜಕದ ಕಡೆಯ ಬೆಚ್ಚನೆಯ ನೀರಿಗೆ ಬಂದು ಮರಿ ಹಾಕುತ್ತವೆ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ಹಾಗಲ್ಲ. ಉತ್ತರಕ್ಕೆ ಹೋಗೋಣವೆಂದರೆ ಏಷ್ಯಾ ಖಂಡ ಅಡ್ಡ ನಿಂತಿದೆ. ಹೋಗಬೇಕಾದ ಅಗತ್ಯವೂ ಇಲ್ಲ, ಮಾನ್ಸೂನ್ ಊಟವನ್ನು ಮನೆ ಬಾಗಿಲಿಗೇ ತಂದುಕೊಡುತ್ತದಲ್ಲ. ತಿನ್ನುವುದು, ಮರಿ ಹಾಕುವುದು, ಹಾಡುವುದು ಎಲ್ಲವೂ ಇದೇ ಕಡಲಿನಲ್ಲಿ. ಚರ್ಮದ ಚೂರುಗಳಿಂದ ಪಡೆದ ಡಿಎನ್‌ಎ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವು ಸುಮಾರು 70,000 ವರ್ಷಗಳಿಂದ ತಮ್ಮ ಬಂಧುಗಳಿಂದ ಬೇರೆಯಾಗಿ ಬಾಳುತ್ತಿವೆ. ಇಲ್ಲಿ ಇವು ಅಳಿದರೆ ಆ ಜಾಗಕ್ಕೆ ಬೇರೆ ಕಡಲಿನಿಂದ ಬಂದು ಸೇರುವವರು ಯಾರೂ ಇಲ್ಲ ಎಂದು ಇದರ ಅರ್ಥ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

1966ರ ನವೆಂಬರ್

ಆ ತಿಂಗಳು ಸೋವಿಯತ್ ಒಕ್ಕೂಟದ ‘ಸ್ಲಾವಾ’ ಮತ್ತು ‘ಸೊವೆಟ್‌ಸ್ಕಾಯ ಉಕ್ರೈನಾ’ ಎಂಬ ಎರಡು ಬೇಟೆ ತಂಡಗಳು ಅಂಟಾರ್ಕ್‌ಟಿಕಕ್ಕೆ ಹೋಗುವ ದಾರಿಯಲ್ಲಿ ಅರಬ್ಬೀ ಸಮುದ್ರಕ್ಕೆ ಬಂದವು. ಪ್ರತಿ ತಂಡದಲ್ಲೂ ಒಂದು ಕಾರ್ಖಾನೆ ಹಡಗು. ಅದರ ಸುತ್ತ ಹಾರ್ಪೂನ್ ಫಿರಂಗಿ ಹೊತ್ತ ವೇಗದ ಹಡಗುಗಳು. ಕೊಂದ ತಿಮಿಂಗಿಲವನ್ನು ಹಿಂಬದಿಯ ಇಳಿಜಾರಿನಿಂದ ಮೇಲಕ್ಕೆಳೆದು, ಹಡಗಿನ ಮೇಲೆಯೇ ಸೀಳಿ, ಕೊಬ್ಬು ಕರಗಿಸಿ ಎಣ್ಣೆ ತೆಗೆಯುವ ಏರ್ಪಾಟು. ಒಮಾನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ತೀರದಾಚೆಯ ನೀರಿನಲ್ಲಿ ಅವು 238 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಹಿಂದಿನ ವರ್ಷ ಕೊಂದ ನಾಲ್ಕನ್ನು ಸೇರಿಸಿದರೆ 242.

ಇದು ಕಾನೂನುಬದ್ಧವೇ? ಖಂಡಿತ ಅಲ್ಲ. ಆ ನೀರಿನಲ್ಲಿ ಕಾರ್ಖಾನೆ ಹಡಗುಗಳು ಜಾಲರಿ ತಿಮಿಂಗಿಲಗಳನ್ನು ಹಿಡಿಯುವುದನ್ನೇ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ನಿಷೇಧಿಸಿತ್ತು. 1946ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ ಆ ಆಯೋಗಕ್ಕೆ ಸೋವಿಯತ್ ಒಕ್ಕೂಟವೂ ಸದಸ್ಯ. ಹಾಗಾದರೆ ಯಾರಿಗೂ ಗೊತ್ತಾಗಲಿಲ್ಲವೇಕೆ? ಏಕೆಂದರೆ ಆಯೋಗಕ್ಕೆ ಲೆಕ್ಕ ಕೊಡುತ್ತಿದ್ದವರೂ ಬೇಟೆಗಾರ ದೇಶಗಳೇ. ಸುಳ್ಳು ಲೆಕ್ಕ ಹೋಯಿತು. ಬೇರೆ ದೇಶದ ವೀಕ್ಷಕರನ್ನು ಹಡಗಿನಲ್ಲಿ ಕೂರಿಸುವ ಪದ್ಧತಿ ಬಂದದ್ದು 1972ರಲ್ಲಿ.

ನಿಜ ಲೆಕ್ಕ ಎಲ್ಲಿತ್ತು? ಹಡಗಿನಲ್ಲಿದ್ದ ಜೀವವಿಜ್ಞಾನಿಗಳ ಬಳಿ. ಕೊಂದ ಪ್ರತಿ ಪ್ರಾಣಿಯ ಉದ್ದ, ಲಿಂಗ, ಹೊಟ್ಟೆಯಲ್ಲಿದ್ದ ಆಹಾರ, ಗರ್ಭದಲ್ಲಿದ್ದ ಭ್ರೂಣದ ಅಳತೆ, ಎಲ್ಲವನ್ನೂ ಅವರು ಬರೆದಿಟ್ಟಿದ್ದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1993ರಲ್ಲಿ, ಜೀವವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಈ ವಂಚನೆಯನ್ನು ಬಹಿರಂಗಪಡಿಸಿದರು. ಅರಬ್ಬೀ ಸಮುದ್ರದ ವಿವರಗಳನ್ನು ಪ್ರಕಟಿಸಿದವರು ಅದೇ ತಂಡಗಳಲ್ಲಿ ಕೆಲಸ ಮಾಡಿದ್ದ ಯೂರಿ ಮಿಖಲೆವ್. ಅವರ ಪ್ರಕಾರ ಆ ಕೆಲವು ವರ್ಷಗಳಲ್ಲಿ ಇಲ್ಲಿ ಕೊಂದವು ಒಟ್ಟು 3,339: ನೀಲಿ ತಿಮಿಂಗಿಲ 1,294, ಸ್ಪರ್ಮ್ ತಿಮಿಂಗಿಲ 954, ಬ್ರೈಡ್ಸ್ ತಿಮಿಂಗಿಲ 849, ಮತ್ತು ಆ 242 ಹಂಪ್‌ಬ್ಯಾಕ್. ನಮ್ಮ ಕಡಲಿನ ಹಂಪ್‌ಬ್ಯಾಕ್‌ಗಳು ಊರು ಬಿಡುವುದಿಲ್ಲ ಎಂಬುದಕ್ಕೆ ಮೊದಲ ಬಲವಾದ ಪುರಾವೆ ಸಿಕ್ಕಿದ್ದೂ ಈ ಪುಸ್ತಕಗಳಿಂದಲೇ. ಭ್ರೂಣಗಳ ಅಳತೆ ಉತ್ತರಾರ್ಧ ಗೋಳದ ಋತುಗಳಿಗೆ ಹೊಂದುತ್ತಿತ್ತು. ಬೆಚ್ಚನೆಯ ನೀರಿನಲ್ಲಿದ್ದರೂ ಹೊಟ್ಟೆಗಳು ತುಂಬಿದ್ದವು. ದಕ್ಷಿಣದಿಂದ ಬಂದ ಅತಿಥಿಗಳಾಗಿದ್ದರೆ ಎರಡೂ ಹಾಗಿರುತ್ತಿರಲಿಲ್ಲ. ಒಂದು ಜೀವಿಯನ್ನು ಅರಿಯಲು ಎಂಥ ಬೆಲೆ ಕೊಟ್ಟೆವು ನೋಡಿ.

ತಪ್ಪು ಮಾಪನ

ಸೋವಿಯತ್ ತಂಡಗಳನ್ನು ಮಾತ್ರ ದೂರಿದರೆ ನ್ಯಾಯವಾಗದು. ಇಪ್ಪತ್ತನೆಯ ಶತಮಾನದಲ್ಲಿ ಉದ್ಯಮವಾಗಿ ನಡೆದ ಬೇಟೆಯಲ್ಲಿ ಎಲ್ಲ ದೇಶಗಳೂ ಸೇರಿ ಕೊಂದ ತಿಮಿಂಗಿಲಗಳು ಸುಮಾರು 29 ಲಕ್ಷ. ಮೊದಲು ದೀಪಕ್ಕೆ, ಯಂತ್ರಗಳಿಗೆ, ಸಾಬೂನಿಗೆ ಎಣ್ಣೆ ಬೇಕಿತ್ತು. ದ್ರವ ಎಣ್ಣೆಗೆ ಹೈಡ್ರೊಜನ್ ಸೇರಿಸಿ ಗಟ್ಟಿಯಾಗಿಸುವ ವಿಧಾನ 1900ರ ದಶಕದಲ್ಲಿ ಬಂದ ಮೇಲೆ ತಿಮಿಂಗಿಲದ ಎಣ್ಣೆ ಯೂರೋಪಿನವರ ರೊಟ್ಟಿಯ ಮೇಲಿನ ಮಾರ್ಗರೀನ್ ಆಯಿತು. ನಮ್ಮ ವನಸ್ಪತಿ ತಯಾರಾಗುವುದೂ ಇದೇ ವಿಧಾನದಿಂದ. ಅಲ್ಲಿ ಬಳಸುವುದು ಸಸ್ಯದ ಎಣ್ಣೆ.

ಎಣ್ಣೆಯೇ ಗುರಿಯಾದಾಗ ಲೆಕ್ಕವೂ ಎಣ್ಣೆಯದೇ. ಬೇಟೆಯ ಮಿತಿಯನ್ನು ‘ನೀಲಿ ತಿಮಿಂಗಿಲ ಘಟಕ’ದಲ್ಲಿ ನಿಗದಿ ಮಾಡುತ್ತಿದ್ದರು. ಒಂದು ನೀಲಿ ತಿಮಿಂಗಿಲ ಎಂದರೆ ಎರಡು ಫಿನ್ ತಿಮಿಂಗಿಲ, ಅಥವಾ ಎರಡೂವರೆ ಹಂಪ್‌ಬ್ಯಾಕ್, ಅಥವಾ ಆರು ಸೀ ತಿಮಿಂಗಿಲ. ಅಂಟಾರ್ಕ್‌ಟಿಕಕ್ಕೆ ವರ್ಷಕ್ಕೆ 16,000 ಘಟಕ ಎಂದು ಮಿತಿ ಹಾಕಿದರೆ ಅದರಲ್ಲಿ ಯಾವ ಜಾತಿ ಎಷ್ಟು ಎಂಬ ಪ್ರಶ್ನೆಯೇ ಇಲ್ಲ! ಒಂದು ಹಳ್ಳಿಯಲ್ಲಿ ‘ಒಂದು ಎಮ್ಮೆ ಅಥವಾ ಹತ್ತು ಕುರಿ’ ಎಂದು ಲೆಕ್ಕ ಹಾಕಿ ಕಡಿಯಲು ಬಿಟ್ಟರೆ ಮೊದಲು ಯಾವುದು ಮುಗಿಯುತ್ತದೆ ಎಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಒಂದೇ ಗುಂಡಿಗೆ ಹೆಚ್ಚು ಎಣ್ಣೆ ಕೊಡುವುದನ್ನು ಎಲ್ಲರೂ ಮೊದಲು ಅಟ್ಟಿದರು. ಅಂಟಾರ್ಕ್‌ಟಿಕದಲ್ಲಿ ಬೇಟೆಗೆ ಮುನ್ನ ಸುಮಾರು 2,39,000 ಇದ್ದವೆಂದು ಅಂದಾಜಿಸಿರುವ ನೀಲಿ ತಿಮಿಂಗಿಲಗಳು 1970ರ ದಶಕದ ಆರಂಭಕ್ಕೆ ಕೆಲವೇ ನೂರಕ್ಕೆ ಇಳಿದವು. ಆ ಘಟಕವನ್ನು ಕೈಬಿಟ್ಟದ್ದು 1972ರಲ್ಲಿ.

ಆ ಹೊತ್ತಿಗೆ ಜನರ ಮನಸ್ಸೂ ಬದಲಾಗತೊಡಗಿತ್ತು. ಇದರಲ್ಲಿ ಹಂಪ್‌ಬ್ಯಾಕ್‌ನದೇ ಒಂದು ಪಾತ್ರವಿದೆ. ಗಂಡು ಹಂಪ್‌ಬ್ಯಾಕ್ ಹೊರಡಿಸುವ ಧ್ವನಿಗಳಲ್ಲಿ ಒಂದೇ ಕ್ರಮ ಮತ್ತೆ ಮತ್ತೆ ಬರುತ್ತದೆ, ಅದನ್ನು ಹಾಡು ಎಂದೇ ಕರೆಯಬೇಕು ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ತೋರಿಸಿದರು. ಅದಕ್ಕೆ ಒಂದು ವರ್ಷ ಮೊದಲೇ ಆ ಹಾಡುಗಳ ಗ್ರಾಮಫೋನ್ ತಟ್ಟೆ ಮಾರುಕಟ್ಟೆಗೆ ಬಂದಿತ್ತು. ಎಣ್ಣೆಯ ಪೀಪಾಯಿ ಎಂದುಕೊಂಡಿದ್ದದ್ದು ಹಾಡುತ್ತದೆ ಎಂದು ಗೊತ್ತಾದಾಗ ಸಾಮಾನ್ಯ ಜನ ಬೆರಗಾದರು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ, ಇಂದಿರಾ ಗಾಂಧಿಯವರು ಭಾಷಣ ಮಾಡಿದ ಅದೇ ಸಮ್ಮೇಳನ, ವಾಣಿಜ್ಯ ಬೇಟೆಯನ್ನು ಹತ್ತು ವರ್ಷ ನಿಲ್ಲಿಸಬೇಕೆಂದು ಕೇಳಿತು. ಆಯೋಗ ಒಪ್ಪಲಿಲ್ಲ. 1979ರಲ್ಲಿ ಪುಟ್ಟ ದ್ವೀಪರಾಷ್ಟ್ರ ಸೇಶೆಲ್ಸ್ ಮುಂದಿಟ್ಟ ಸಲಹೆಯಂತೆ ಇಡೀ ಹಿಂದೂ ಮಹಾಸಾಗರ, ನಮ್ಮ ಅರಬ್ಬೀ ಸಮುದ್ರವೂ ಸೇರಿ, ತಿಮಿಂಗಿಲಗಳ ಅಭಯಧಾಮವಾಯಿತು. ಭಾರತ ಆಯೋಗವನ್ನು ಸೇರಿದ್ದು 1981ರಲ್ಲಿ. ಮರುವರ್ಷ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯಕ್ಕೆ 25 ದೇಶಗಳು ಪರ, 7 ವಿರೋಧ. ಪರವಾಗಿ ಕೈ ಎತ್ತಿದವರಲ್ಲಿ ಅರಬ್ಬೀ ಸಮುದ್ರದ ಎರಡು ದಡಗಳ ಭಾರತ ಮತ್ತು ಒಮಾನ್ ಇದ್ದವು. ನಿಷೇಧ ಜಾರಿಗೆ ಬಂದದ್ದು 1985–86ರ ಋತುವಿನಿಂದ.

ಬೇಟೆ ಪೂರ್ತಿ ನಿಂತಿತೇ? ಇಲ್ಲ. ನಾರ್ವೆ ಆಕ್ಷೇಪ ಸಲ್ಲಿಸಿ 1993ರಿಂದ, ಐಸ್‌ಲ್ಯಾಂಡ್ 2006ರಿಂದ ಮತ್ತೆ ಶುರುಮಾಡಿದವು. ಜಪಾನ್ ‘ಸಂಶೋಧನೆ’ಯ ಹೆಸರಿನಲ್ಲಿ ಅಂಟಾರ್ಕ್‌ಟಿಕಕ್ಕೆ ಹೋಗುತ್ತಿತ್ತು, ಆ ಕಾರ್ಯಕ್ರಮ ಸಂಶೋಧನೆಯ ಉದ್ದೇಶಕ್ಕೆ ತಕ್ಕಂತಿಲ್ಲ ಎಂದು 2014ರ ಮಾರ್ಚ್ 31ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು, ಜುಲೈ 1ರಿಂದ ತನ್ನ ಕಡಲಿನಲ್ಲಿ ವಾಣಿಜ್ಯ ಬೇಟೆ ಆರಂಭಿಸಿತು. ಕೆಲವು ಜಾತಿಗಳ ಸಂಖ್ಯೆ ಚೆನ್ನಾಗಿದೆ, ಮಿತಿಯಲ್ಲಿ ಹಿಡಿದರೆ ತಪ್ಪೇನು ಎಂಬುದು ಈ ದೇಶಗಳ ವಾದ. ಉತ್ತರ ಧ್ರುವದ ಕಡೆ ಹೊಟ್ಟೆಪಾಡಿಗಾಗಿ ಒಂದೆರಡು ತಿಮಿಂಗಿಲ ಹಿಡಿಯುವ ಮೂಲನಿವಾಸಿಗಳ ಮಾತು ಬೇರೆ, ಅದಕ್ಕೆ ಆಯೋಗವೇ ಅವಕಾಶ ಕೊಟ್ಟಿದೆ. ಆದರೆ ಮಾರಾಟಕ್ಕಾಗಿ ನಡೆಯುವ ಬೇಟೆಗೆ ಲೆಕ್ಕದ ಇತಿಹಾಸ ಕೇಳಿದ ಮೇಲೆ ಒಪ್ಪಿಗೆ ಕೊಡುವುದು ಕಷ್ಟ. ಕೊಲ್ಲುವ ವಿಧಾನವೂ ಹಾಗೆಯೇ. ಐಸ್‌ಲ್ಯಾಂಡಿನ ಸರ್ಕಾರಿ ಸಂಸ್ಥೆಯೇ 2022ರ ಋತುವಿನ ಫಿನ್ ತಿಮಿಂಗಿಲಗಳ ಬೇಟೆಯನ್ನು ಪರಿಶೀಲಿಸಿತು. ಸ್ಫೋಟಕ ಹಾರ್ಪೂನ್ ತಗುಲಿದ ತಕ್ಷಣ ಸತ್ತವು ಶೇಕಡ 59 ಮಾತ್ರ. ಸುಮಾರು ಕಾಲು ಭಾಗಕ್ಕೆ ಒಂದಕ್ಕಿಂತ ಹೆಚ್ಚು ಹಾರ್ಪೂನ್ ಹೊಡೆಯಬೇಕಾಯಿತು.

ಸುಳಿ ನೋಡಿ ಎತ್ತು, ಬಾಲ ನೋಡಿ ತಿಮಿಂಗಿಲ

ಹಾಗಾದರೆ ಬೇಟೆಗಾರರ ಲೆಕ್ಕವನ್ನು ನಂಬದೆ, ಕೊಲ್ಲದೆ, ಸಮುದ್ರದಲ್ಲಿ ಎಷ್ಟು ತಿಮಿಂಗಿಲಗಳಿವೆ ಎಂದು ತಿಳಿಯುವುದು ಹೇಗೆ? ಹಿಂದೆ ಸಂಖ್ಯೆ ಕೆತ್ತಿದ ಉಕ್ಕಿನ ಕೊಳವೆಯನ್ನು ತಿಮಿಂಗಿಲದ ಮೈಗೆ ಹೊಡೆದು ಬಿಡುತ್ತಿದ್ದರು. ಮುಂದೆಂದೋ ಅದನ್ನು ಕೊಂದು ಸೀಳಿದಾಗ ಕೊಳವೆ ಸಿಕ್ಕರೆ ಎಲ್ಲಿಂದ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಉತ್ತರ ಬೇಕಾದರೆ ಪ್ರಾಣಿ ಸಾಯಲೇಬೇಕು!

ಮಂಡ್ಯ ಸೀಮೆಯ ರೈತನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತು. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ಕೊಳ್ಳುವವರು ಮೈಮೇಲಿನ ಸುಳಿ ನೋಡುತ್ತಾರಲ್ಲವೇ? ಸುಳಿಯ ಶುಭಾಶುಭವನ್ನು ಬದಿಗಿಡೋಣ, ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೆ ಸುಳಿ, ಮಚ್ಚೆ, ಕೊಂಬಿನ ಬಾಗು ನೋಡಿ ಸಾವಿರ ಎತ್ತುಗಳ ನಡುವೆ ತನ್ನದನ್ನು ಗುರುತಿಸುವ ಕಣ್ಣು ಇದೆಯಲ್ಲ, ಅದು ಅಪ್ಪಟ ವೈಜ್ಞಾನಿಕ ಕಣ್ಣು. ಹಂಪ್‌ಬ್ಯಾಕ್ ಆಳಕ್ಕೆ ಮುಳುಗುವ ಮುನ್ನ ಬಾಲವನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ಬಾಲದ ಅಡಿಭಾಗದಲ್ಲಿ ಕಪ್ಪು-ಬಿಳುಪಿನ ಚಿತ್ತಾರ, ಅಂಚಿನಲ್ಲಿ ಹಲ್ಲುಹಲ್ಲಾದ ಗೆರೆ, ಹಳೆಯ ಗಾಯದ ಗುರುತುಗಳಿರುತ್ತವೆ. ಒಂದರಂತೆ ಇನ್ನೊಂದಿಲ್ಲ. 1970ರ ದಶಕದಿಂದ ವಿಜ್ಞಾನಿಗಳು ಈ ಬಾಲಗಳ ಛಾಯಾಚಿತ್ರಗಳನ್ನು ಕ್ರಮವಾಗಿ ಕೂಡಿಡುತ್ತಾ ಬಂದಿದ್ದಾರೆ. ಈಗ ಹೋಲಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ.

ಗುರುತು ಹಿಡಿದರೆ ಎಣಿಸಿದ ಹಾಗಾಯಿತೇ? ಎಲ್ಲವೂ ಕಣ್ಣಿಗೆ ಬೀಳುವುದಿಲ್ಲವಲ್ಲ. ಇದಕ್ಕೊಂದು ಪ್ರಯೋಗ ಮಾಡಿ. ಒಂದು ಚೀಲದಲ್ಲಿ ಎಣಿಸದೆ ಹುಣಿಸೆಬೀಜ ತುಂಬಿ. ಅದರಿಂದ 40 ಬೀಜ ತೆಗೆದು ಸುಣ್ಣ ಹಚ್ಚಿ, ಒಣಗಿಸಿ, ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 50 ಬೀಜ ತೆಗೆಯಿರಿ. ಅದರಲ್ಲಿ 10ಕ್ಕೆ ಸುಣ್ಣವಿದೆ ಎನ್ನಿ. ಅಂದರೆ ತೆಗೆದವುಗಳಲ್ಲಿ ಐದನೇ ಒಂದು ಭಾಗ ಗುರುತಿನವು. ಚೀಲದಲ್ಲೂ ಅದೇ ಪ್ರಮಾಣವಿರಬೇಕು. ಆದ್ದರಿಂದ 40ರ ಐದರಷ್ಟು, ಅಂದರೆ ಸುಮಾರು 200 ಬೀಜಗಳಿವೆ. ಸುರಿದು ಎಣಿಸಿ ನೋಡಿ, ಉತ್ತರ ಹತ್ತಿರ ಬರುತ್ತದೆ. ಎರಡನೇ ಸಲ ಮಾಡಿದರೆ ತುಸು ಬೇರೆ ಬರುತ್ತದೆ. ಹಾಗಾಗಿಯೇ ವಿಜ್ಞಾನಿಗಳು ಒಂದು ಸಂಖ್ಯೆಯ ಜೊತೆಗೆ ‘ಇಷ್ಟರಿಂದ ಇಷ್ಟು’ ಎಂದೂ ಹೇಳುತ್ತಾರೆ. ಸುಣ್ಣದ ಜಾಗದಲ್ಲಿ ಬಾಲದ ಚಿತ್ರವನ್ನಿಟ್ಟರೆ ತಿಮಿಂಗಿಲದ ಗಣತಿ ಆಯಿತು.

ಗಿಯಾನಾ ಮಿಂಟನ್ ಮತ್ತು ಸಂಗಡಿಗರು 2000ದಿಂದ 2004ರವರೆಗೆ ಒಮಾನ್ ತೀರದಲ್ಲಿ ಪುಟ್ಟ ದೋಣಿಗಳಲ್ಲಿ ಓಡಾಡಿ ತೆಗೆದ ಚಿತ್ರಗಳಿಂದ ಹೀಗೆಯೇ ಲೆಕ್ಕ ಹಾಕಿದರು. ಬಂದ ಉತ್ತರ 82. ವ್ಯಾಪ್ತಿ 60ರಿಂದ 111.

1966ರ 238ನ್ನು ಈ 82ರ ಪಕ್ಕದಲ್ಲಿ ಬರೆದು ನೋಡಿ. ಒಂದು ತಿಂಗಳಲ್ಲಿ ಕೊಂದದ್ದೇ ನಾಲ್ಕು ದಶಕಗಳ ನಂತರ ಅಲ್ಲಿ ಎಣಿಕೆಗೆ ಸಿಕ್ಕದ್ದಕ್ಕಿಂತ ಸುಮಾರು ಮೂರು ಪಟ್ಟು. ಹೆಣ್ಣು ಎರಡು-ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಗರ್ಭಧಾರಣೆಯ ಅವಧಿಯೇ ಹೆಚ್ಚು ಕಡಿಮೆ ಒಂದು ವರ್ಷ. ಬೇಟೆ ನಿಂತ ಮೇಲೆ ದಕ್ಷಿಣ ಅಮೆರಿಕದ ಪೂರ್ವ ತೀರದ ಹಂಪ್‌ಬ್ಯಾಕ್‌ಗಳು ಸುಮಾರು 450ರಿಂದ 25,000ಕ್ಕೆ ಏರಿವೆಯೆಂದು 2019ರಲ್ಲಿ ಅಂದಾಜಿಸಲಾಗಿದೆ. ನಿಷೇಧ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಕಡಲಿನವು ಮಾತ್ರ ಹಾಗೆ ಚೇತರಿಸಿಕೊಂಡಿಲ್ಲ. 2008ರಲ್ಲಿ ಇವನ್ನು ಅಳಿವಿನ ಅಪಾಯದಲ್ಲಿರುವ ಪ್ರತ್ಯೇಕ ಸಮುದಾಯವೆಂದು ಕೆಂಪು ಪಟ್ಟಿಗೆ ಸೇರಿಸಲಾಯಿತು.

ಏಕೆ ಚೇತರಿಸಿಕೊಂಡಿಲ್ಲ? ಮಿಂಟನ್ ತಂಡದ ಚಿತ್ರಗಳಲ್ಲೇ ಒಂದು ಸುಳಿವಿತ್ತು. ನೂರಕ್ಕೆ 30ರಿಂದ 40 ಪ್ರಾಣಿಗಳ ಬಾಲದ ಬುಡದಲ್ಲಿ ಬಲೆ ಹಗ್ಗಗಳು ಕೊರೆದ ಗಾಯದ ಗುರುತುಗಳು. ತಪ್ಪಿಸಿಕೊಂಡವುಗಳ ಮೈಮೇಲೆ ಗುರುತಿದೆ. ತಪ್ಪಿಸಿಕೊಳ್ಳದವು ಚಿತ್ರಕ್ಕೆ ಸಿಗುವುದಿಲ್ಲ. ಇದರ ಮೇಲೆ ತೈಲ ಹಡಗುಗಳ ದಟ್ಟ ಸಂಚಾರ, ಅವುಗಳ ಎಂಜಿನ್ ಸದ್ದು. ಯಾರೂ ಇವನ್ನು ಕೊಲ್ಲಬೇಕೆಂದು ಹೊರಟಿಲ್ಲ, ಆದರೂ ಸಾಯುತ್ತಿವೆ. ಹಾರ್ಪೂನನ್ನು ನಿಷೇಧಿಸಿದಷ್ಟು ಸುಲಭವಾಗಿ ಬಲೆಯನ್ನು ನಿಷೇಧಿಸಲಾಗದು. ಬಲೆಯ ಹಿಂದೆ ಬಡ ಮೀನುಗಾರನ ಅಡುಗೆಮನೆ ಇದೆ.

ಲುಬಾನ್ ಬಂದು ಹೋದದ್ದು

ಇವು ಒಮಾನ್‌ನ ತಿಮಿಂಗಿಲಗಳು, ನಮಗೇನು ಎಂದು ನೀವು ಕೇಳಬಹುದು. 2017ರ ಕೊನೆಯವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ವರ್ಷ ನವೆಂಬರಿನಲ್ಲಿ ಒಮಾನ್‌ನ ಮಸೀರಾ ಕೊಲ್ಲಿಯಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್‌ನ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ ಅಳವಡಿಸಿದರು. ಹೆಸರು ಲುಬಾನ್. ಅರಬ್ಬೀ ಭಾಷೆಯಲ್ಲಿ ಲುಬಾನ್ ಎಂದರೆ ಧೂಪದ ಅಂಟು. ಉಳಿದವು ಒಮಾನ್ ತೀರದಲ್ಲೇ ಅಡ್ಡಾಡುತ್ತಿದ್ದರೆ ಲುಬಾನ್ ಸೀದಾ ಪೂರ್ವಕ್ಕೆ ಹೊರಟಳು. ಸುಮಾರು 1,500 ಕಿಮೀ ಕಡಲು ದಾಟಿ ಡಿಸೆಂಬರಿನಲ್ಲಿ ಗೋವಾದ ಆಚೆ ಕಾಣಿಸಿಕೊಂಡು, ಅಲ್ಲಿಂದ ತೀರದ ಗುಂಟ ದಕ್ಷಿಣಕ್ಕೆ ಇಳಿದು, ದೇಶದ ದಕ್ಷಿಣ ತುದಿಯವರೆಗೂ ಹೋದಳು. ಆಮೇಲೆ ಮರಳಿ ಒಮಾನ್ ಕಡೆಗೆ. ಅಂದರೆ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರು ಎಲ್ಲವನ್ನೂ ಅವಳು ಹಾದುಹೋಗಿದ್ದಾಳೆ. ಕರಾವಳಿಯಲ್ಲಿ ಅವಳನ್ನು ಕಂಡವರು ಯಾರಾದರೂ ಇದ್ದರೋ ಏನೋ. ಉಪಗ್ರಹ ಇಲ್ಲದಿದ್ದರೆ ಅವಳು ಬಂದದ್ದೇ ದಾಖಲಾಗುತ್ತಿರಲಿಲ್ಲ.

ನಮ್ಮಲ್ಲಿ ಕೆಲಸವೇ ನಡೆದಿಲ್ಲ ಎಂದಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಸಾಗರ ಸಂಪದ’ ಹಡಗಿನಿಂದ ತಿಮಿಂಗಿಲ, ಡಾಲ್ಫಿನ್‌ಗಳನ್ನು ನೋಡಿ ದಾಖಲಿಸಿದ್ದಾರೆ. ಲಕ್ಷದ್ವೀಪದ ಕವರತ್ತಿಯ ಬಳಿ ನೀರಿನೊಳಗೆ ಧ್ವನಿಗ್ರಾಹಕ ಇಳಿಬಿಟ್ಟು ದಿವ್ಯಾ ಪಣಿಕ್ಕರ್ ಮತ್ತು ಕೇಟ್ ಸ್ಟಾಫರ್ಡ್ ಅಲ್ಲಿ ನೀಲಿ ತಿಮಿಂಗಿಲದ ಹಾಡು ಕೇಳಿಸುತ್ತದೆಂದು 2021ರಲ್ಲಿ ಪ್ರಕಟಿಸಿದರು. ಆದರೂ ನಮ್ಮ ಒಳನಾಡಿನ ಪತ್ರಿಕೆಗಳಲ್ಲಿ ತಿಮಿಂಗಿಲ ಸುದ್ದಿಯಾಗುವುದು ಅಪರಾಧ ಪುಟದಲ್ಲಿ. 2021ರಲ್ಲಿ ಬೆಂಗಳೂರು ಪೊಲೀಸರು ಅಂಬರ್‌ಗ್ರಿಸ್ ಮಾರಲು ಹೊರಟವರನ್ನು ಹಿಡಿದರು. ಅನಂತರವೂ ಅಂಥ ಸುದ್ದಿಗಳು ಬರುತ್ತಲೇ ಇವೆ. ‘ತಿಮಿಂಗಿಲದ ವಾಂತಿ’ ಎಂದು ಕರೆಯುವ ಇದು ಬಹುಶಃ ವಾಂತಿಯಲ್ಲ. ಸ್ಪರ್ಮ್ ತಿಮಿಂಗಿಲ ತಿಂದ ಸ್ಕ್ವಿಡ್‌ಗಳ ಗಟ್ಟಿ ಕೊಕ್ಕುಗಳ ಸುತ್ತ ಕರುಳಿನಲ್ಲಿ ಕಟ್ಟಿಕೊಳ್ಳುವ ಮೇಣದಂಥ ವಸ್ತು ಅದು. ಮಲದ ಜೊತೆ ಹೊರಬೀಳುತ್ತದೆ ಎಂಬುದೇ ಹೆಚ್ಚು ಸಂಭವನೀಯ. ಸುಗಂಧ ತಯಾರಕರು ಅದರ ಬದಲಿಗೆ ಕೃತಕ ರಾಸಾಯನಿಕ ಬಳಸಲು ಶುರುಮಾಡಿ ದಶಕಗಳಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಅದನ್ನು ಮಾರುವುದು ಅಪರಾಧ. ಕೋಟಿಗಟ್ಟಲೆ ಬೆಲೆಯ ಆಸೆಗೆ ಬಿದ್ದು ಜೈಲು ಸೇರಬೇಡಿ.

ನೋಡುವುದೂ ಒಂದು ಕೆಲಸ

ತಿಮಿಂಗಿಲವನ್ನು ಹಣ ಕೊಟ್ಟು ನೋಡಲು ಹೋಗುವ ಪದ್ಧತಿ ಶುರುವಾದದ್ದು 1955ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ತಲೆಗೆ ಒಂದು ಡಾಲರ್‌ನಂತೆ. 2008ರ ಹೊತ್ತಿಗೆ ವರ್ಷಕ್ಕೆ ಸುಮಾರು 1.3 ಕೋಟಿ ಜನ ಹೀಗೆ ನೋಡುತ್ತಿದ್ದರು. ವಹಿವಾಟು 200 ಕೋಟಿ ಡಾಲರ್ ಮೀರಿತ್ತು. ನಮಗೆ ಹತ್ತಿರದ ಪ್ರಸಿದ್ಧ ಜಾಗ ಶ್ರೀಲಂಕಾದ ಮಿರಿಸ್ಸ. ಅಲ್ಲಿ ನೀಲಿ ತಿಮಿಂಗಿಲಗಳನ್ನು ತೀರದಿಂದ ಒಂದೆರಡು ಗಂಟೆಯ ದೋಣಿ ಪಯಣದಲ್ಲೇ ನೋಡಬಹುದು. ಅವೂ ನಮ್ಮ ಹಂಪ್‌ಬ್ಯಾಕ್‌ನಂತೆ ಧ್ರುವಕ್ಕೆ ಹೋಗದೆ ಹಿಂದೂ ಮಹಾಸಾಗರದ ಬೆಚ್ಚನೆಯ ನೀರಿನಲ್ಲೇ ಉಳಿಯುವಂಥವು ಎಂದು ಅಲ್ಲಿನ ವಿಜ್ಞಾನಿ ಆಶಾ ಡಿ ವೋಸ್ ತೋರಿಸಿದ್ದಾರೆ. ಆದರೆ ಪ್ರಪಂಚದ ಅತಿ ದಟ್ಟ ಹಡಗು ದಾರಿಗಳಲ್ಲೊಂದು ಅದೇ ನೀರಿನ ಮೇಲೆ ಹಾದುಹೋಗುತ್ತದೆ. 2022ರಲ್ಲಿ ದೊಡ್ಡ ಹಡಗು ಕಂಪನಿಯೊಂದು ತನ್ನ ಹಡಗುಗಳನ್ನು ದಕ್ಷಿಣಕ್ಕೆ ಸರಿಸಿತು. ಎಲ್ಲೆಲ್ಲಿ ಎಷ್ಟು ತಿಮಿಂಗಿಲ ಕಂಡವು ಎಂಬ ವರ್ಷಗಳ ದಾಖಲೆ ಇಲ್ಲದಿದ್ದರೆ ಆ ಬೇಡಿಕೆಗೆ ಬೆಲೆಯೇ ಇರುತ್ತಿರಲಿಲ್ಲ. ಹಾಗೆಂದು ಎಲ್ಲ ವೀಕ್ಷಣೆಯೂ ಒಳ್ಳೆಯದಲ್ಲ. ಹತ್ತಾರು ದೋಣಿಗಳು ಒಂದೇ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋದರೆ ಅದಕ್ಕೂ ಹಳೆಯ ಬೇಟೆಗೂ ತಿಮಿಂಗಿಲದ ಪಾಲಿಗೆ ದೊಡ್ಡ ವ್ಯತ್ಯಾಸ ಕಾಣದು. ಸಾವೊಂದು ಇಲ್ಲ, ಅಷ್ಟೇ.

ನಮ್ಮ ಕರಾವಳಿಯಲ್ಲಿ ಅಂಥ ಉದ್ಯಮ ಬೆಳೆದಿಲ್ಲ. ಕಾರವಾರದ ಕಾಳಿ ನದಿಯ ಮುಖದಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ನೋಡುವುದು ಸುಲಭ. ಹೆಸರು ಒಂದೇ ಥರ ಇದ್ದರೂ ಇವು ಹಲ್ಲುಳ್ಳ, ಎರಡೂವರೆ ಮೀಟರಿನ ಬೇರೆ ಜೀವಿಗಳು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿದ್ದರೆ ದಿಗಂತದ ಮೇಲೂ ಒಂದು ಕಣ್ಣಿಡಿ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಹೋಗುವುದು ಲೇಸು. ಮೊದಲು ಕಾಣುವುದು ಉಸಿರು. ಅದು ನೀರಿನ ಕಾರಂಜಿಯಲ್ಲ. ಒತ್ತಡದಿಂದ ಹೊರಬಿದ್ದ ಬಿಸಿ ಗಾಳಿಯ ತೇವ ಮಂಜಾಗುವುದು. ಎತ್ತರದ ಸಪೂರ ಕಂಬದಂತಿದ್ದರೆ ನೀಲಿ ತಿಮಿಂಗಿಲವಿರಬಹುದು. ಎಡಕ್ಕೆ, ಮುಂದಕ್ಕೆ ಓರೆಯಾಗಿ ಚಿಮ್ಮಿದರೆ ಸ್ಪರ್ಮ್, ಅದರ ಮೂಗಿನ ಹೊಳ್ಳೆ ತಲೆಯ ಎಡಬದಿಯಲ್ಲಿದೆ. ತಲೆಯ ಮೇಲೆ ಮೂರು ಉದ್ದನೆಯ ಏಣುಗಳು ಕಂಡರೆ ಬ್ರೈಡ್ಸ್. ಮೂರು ಮೀಟರಿನಷ್ಟು ಎತ್ತರದ ಪೊದೆಯಂಥ ಉಸಿರು, ಉದ್ದನೆಯ ರೆಕ್ಕೆ, ಮೇಲಕ್ಕೆತ್ತಿದ ಬಾಲ ಕಂಡಿರೋ, ನಿಮ್ಮ ಅದೃಷ್ಟ ದೊಡ್ಡದು.

ದೋಣಿಯವರಿಗೆ ನೂರು ಮೀಟರ್ ದೂರದಲ್ಲೇ ನಿಲ್ಲಿಸಲು ಹೇಳಿ. ಮುಂದೆ ಅಡ್ಡ ಹೋಗುವುದು, ತಾಯಿ-ಮರಿಯ ನಡುವೆ ನುಗ್ಗುವುದು ಬೇಡ. ದಿನಾಂಕ, ಗಂಟೆ, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ಎಷ್ಟಿದ್ದವು, ಯಾವ ಕಡೆ ಹೋದವು ಎಂದು ಬರೆದುಕೊಳ್ಳಿ. ಭಾರತದ ಸಾಗರ ಸಸ್ತನಿ ಸಂರಕ್ಷಣಾ ಜಾಲದವರು ಇಂಥ ವರದಿಗಳನ್ನು ಸಾರ್ವಜನಿಕರಿಂದ ಪಡೆದು ಕೂಡಿಡುತ್ತಾರೆ. ತೀರಕ್ಕೆ ಬಿದ್ದ ಪ್ರಾಣಿ ಕಂಡರೆ ಮಾತ್ರ ಮುಟ್ಟದೆ, ಸಮುದ್ರಕ್ಕೆ ತಳ್ಳಲೂ ಹೋಗದೆ, ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಏನು ಮಾಡಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಪರಿಸರ ಸಚಿವಾಲಯ 2021ರ ಜನವರಿಯಲ್ಲಿ ಹೊರಡಿಸಿದೆ. ಇನ್ನು ಚಿತ್ರದ ಮಾತು. ಹಂಪ್‌ಬ್ಯಾಕ್ ಕಂಡಾಗ ಎಲ್ಲರೂ ತಲೆಯ ಚಿತ್ರ ತೆಗೆಯುತ್ತಾರೆ. ಗಣತಿಗೆ ಅದು ಹೆಚ್ಚು ಉಪಯೋಗಕ್ಕೆ ಬಾರದು. ಬೆನ್ನು ಬಿಲ್ಲಿನಂತೆ ಬಾಗಿತೆಂದರೆ ಮುಳುಗಲು ಸಿದ್ಧವಾಗಿದೆ ಎಂದರ್ಥ. ಆಗ ಕ್ಯಾಮೆರಾ ಎತ್ತಿ, ಅದರ ಹಿಂದುಗಡೆಯಿಂದ, ಬಾಲದ ಅಡಿಭಾಗ ಪೂರ್ತಿ ಕಾಣುವ ಹಾಗೆ ತೆಗೆಯಿರಿ. ಮಸುಕಾಗಿದ್ದರೂ ಕಳುಹಿಸಿ.